ಡೇ, ನಡ

ಪೀಳಮೇಡಿನ ನಮ್ಮ ಪಂಪ್ ಕಾರ್ಖಾನೆಯಲ್ಲಿ ಮೈಲ್‌ಸಾಮಿ ಮಾತು ಬಿಟ್ಟವರ ಹೆಸರು ಹೇಳುತ್ತಾ ಹೋಗುವುದಕ್ಕಿಂತ, ಅವನು ಇನ್ನೂ ಮಾತಾಡುತ್ತಿದ್ದವರ ಹೆಸರು ಹೇಳುವುದು ಸುಲಭ. ಕ್ಯಾಂಟೀನಿನವನು ಯಾವಾಗಲೋ ‘ಟೀ ಕುಡಿ’ ಎಂದನೆಂದು ಅಲ್ಲಿ ಟೀ ಬಿಟ್ಟ. ಹಾಜರಿ ಬರೆಯುವ ಟೈಮ್ ಆಫೀಸಿನವನು ಬರೀ ‘ಮೈಲ್‌ಸಾಮಿ’ ಎಂದು ಕೂಗಿದ, ಹಿಂದೆ ಮುಂದೆ ಏನೂ ಸೇರಿಸಲಿಲ್ಲ ಎಂದು ಅವನ ಕಡೆ ತಿರುಗಿ ನೋಡುವುದನ್ನೇ ಬಿಟ್ಟ. ಕೊಯಮತ್ತೂರಿನಲ್ಲಿ ಬೈಯುವವರೂ ಮಾತಿಗೆ ಒಂದು ಗೌರವದ ಬಾಲ ಸೇರಿಸಿಯೇ ಬೈಯುತ್ತಾರೆ. ಬಾ ಎನ್ನುವುದಿಲ್ಲ, ‘ವಾಂಗ’ ಎನ್ನುತ್ತಾರೆ. ಹೋಗು ಎನ್ನುವುದಿಲ್ಲ, ‘ಪೋಂಗ’ ಎನ್ನುತ್ತಾರೆ. ಆ ಬಾಲವಿಲ್ಲದ ಮಾತು ಕಿವಿಗೆ ಬಿದ್ದರೆ ಮೈಲ್‌ಸಾಮಿಗೆ ಕಪಾಳಕ್ಕೆ ಹೊಡೆದ ಹಾಗೆ ಆಗುತ್ತಿತ್ತು.

ನಾನು ವ್ಯಾಸರಾಯ, ಅದೇ ಕಾರ್ಖಾನೆಯಲ್ಲಿ ಹೊರದೇಶಕ್ಕೆ ಹೋಗುವ ಮಾಲಿನ ಕಾಗದಪತ್ರ ನೋಡುವವನು. ನಮ್ಮದು ತಾತನ ಕಾಲಕ್ಕೇ ಕೊಯಮತ್ತೂರಿಗೆ ಬಂದು ನೆಲೆಸಿದ ಮನೆ. ಅಮ್ಮ ಹಟ ಹಿಡಿದು ಸ್ಲೇಟಿನ ಮೇಲೆ ಅಕ್ಷರ ತಿದ್ದಿಸಿದ್ದರಿಂದ ಇದನ್ನು ಬರೆಯುವಷ್ಟು ಕನ್ನಡ ಉಳಿದಿದೆ. ಮೈಲ್‌ಸಾಮಿ ಉಡುಮಲೈಪೇಟೆ ಕಡೆಯ ಒಕ್ಕಲು ಮನೆತನದವನು. ಅವರ ಕನ್ನಡ ನಮ್ಮದಕ್ಕಿಂತ ಹಳೆಯದು, ಆದರೆ ಬಾಯಲ್ಲಿ ಮಾತ್ರ ಇರುವಂಥದ್ದು. ಅಕ್ಷರವೆಂದರೆ ಅವರಿಗೆ ತಮಿಳು ಅಕ್ಷರವೇ. ಒಂದು ಮಧ್ಯಾಹ್ನ ನಾನು ಊಟದ ಡಬ್ಬಿ ಬಿಚ್ಚಿ ‘ಅಯ್ಯೋ, ಉಪ್ಪೇ ಹಾಕಿಲ್ಲ’ ಎಂದು ಗೊಣಗಿದ್ದು ಅವನಿಗೆ ಕೇಳಿಸಿತು. ಕೈಯಲ್ಲಿದ್ದ ಫಿಟ್ಟರ್ ಕೆಲಸ ಅಲ್ಲೇ ಬಿಟ್ಟು ಬಂದು ಪಕ್ಕದಲ್ಲಿ ಕುಳಿತ, ತನ್ನ ಡಬ್ಬಿಯ ಉಪ್ಪಿನಕಾಯಿ ತೆಗೆದು ನನ್ನ ಅನ್ನದ ಮೇಲೆ ಹಾಕಿದ. ಅಂದಿನಿಂದ ನಾನು ಅವನ ಪಾಲಿನವನಾದೆ. ನನ್ನ ಕರ್ಮ, ಬೇರೇನು ಹೇಳಲಿ? ಇಲ್ಲಿ ಬರೆಯುವಾಗ ‘ಅವನು’ ಎನ್ನುತ್ತಿದ್ದೇನೆ, ಎದುರಿಗಿದ್ದರೆ ‘ನೀವು’ ಎನ್ನದೆ ಉಪಾಯವಿಲ್ಲ.

ಅವನು ಮಾತು ಬಿಟ್ಟವರಲ್ಲಿ ಮೊದಲನೆಯವಳು ಅವನ ಸ್ವಂತ ಅಕ್ಕ ಸುಬ್ಬಾತಾಳ್. ತಾಯಿ ಸತ್ತ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಉಡುಮಲೈಪೇಟೆಯಲ್ಲೇ ಅವಳನ್ನು ಮದುವೆ ಮಾಡಿ ಕೊಟ್ಟಿತ್ತು. ಅವಳ ಮಗಳು ಮಲ್ಲಿಗಾ ದೊಡ್ಡವಳಾದಾಗ ಮನೆಯಲ್ಲಿ ಶಾಸ್ತ್ರ ಇಟ್ಟುಕೊಂಡಿದ್ದರು. ಆ ಶಾಸ್ತ್ರಕ್ಕೆ ಸೋದರಮಾವ ಸೀರೆ, ಹಣ್ಣು, ಹೂವಿನ ತಟ್ಟೆ ತರಬೇಕು; ಅವನು ತಂದ ಸೀರೆ ಉಟ್ಟ ಮೇಲೆಯೇ ಹುಡುಗಿಗೆ ಆರತಿ. ಮೈಲ್‌ಸಾಮಿ ಕಾರ್ಖಾನೆಯಲ್ಲಿ ಯಾವುದೋ ಪಂಪಿನ ಪರೀಕ್ಷೆ ಮುಗಿಸಿ, ಬಸ್ಸು ತಪ್ಪಿಸಿಕೊಂಡು, ತಟ್ಟೆ ಹೊತ್ತು ಬಾಗಿಲಿಗೆ ಬರುವ ಹೊತ್ತಿಗೆ ಪಂಕ್ತಿ ಎದ್ದಿತ್ತು. ಕಾದು ಕಾದು ಸಾಕಾಗಿ ಬೇರೆ ಸೀರೆ ಉಡಿಸಿ ಆರತಿ ಮಾಡಿಬಿಟ್ಟಿದ್ದರು. ಬಾಗಿಲಲ್ಲಿ ಜನ. ಓಲಗದ ಮೇಳದ ಗಲಾಟೆ. ಅಕ್ಕ ಬಂದು ಅವನ ಕೈ ಹಿಡಿದು, ಅಷ್ಟು ಜನರೆದುರಿಗೆ, ‘ಡೇ, ನಡ’ ಎಂದಳು.

ಡೇ ಎಂದರೆ ನಿಮ್ಮ ಕಡೆ ‘ಲೋ’ ಎಂದ ಹಾಗೆ. ಸಾಕಿದ ಅಕ್ಕನ ಬಾಯಲ್ಲಿ ಅದು ಬೈಗುಳವೇ ಅಲ್ಲ. ತಕರಾರು ಇದ್ದದ್ದು ‘ನಡ’ದಲ್ಲಿ. ನಡ ಎಂದರೆ ‘ನಡಿ, ಒಳಗೆ ಹೋಗೋಣ’ ಎಂದೂ ಆಗುತ್ತದೆ, ‘ನಡಿ ಆಚೆಗೆ’ ಎಂದೂ ಆಗುತ್ತದೆ. ಯಾವುದು ಎಂದು ಕೇಳುವ ವ್ಯವಧಾನ ಮೈಲ್‌ಸಾಮಿಗೆಲ್ಲಿ? ಕೈ ಕಿತ್ತುಕೊಂಡು, ತಟ್ಟೆಯನ್ನು ಜಗಲಿಯ ಮೇಲಿಟ್ಟು, ಬಂದ ದಾರಿಯಲ್ಲೇ ಬಸ್ ಸ್ಟ್ಯಾಂಡಿಗೆ ನಡೆದ. ಮತ್ತೆ ಆ ಹೊಸಿಲು ತುಳಿಯಲಿಲ್ಲ. ಅವಳೂ ಕರೆಯಲಿಲ್ಲ, ಅದೇ ಹೊಟ್ಟೆಯಲ್ಲಿ ಹುಟ್ಟಿದವಳಲ್ಲವೇ. ವರ್ಷಗಳು ಕಳೆದವು. ದೀಪಾವಳಿ ಬಂದಾಗಲೆಲ್ಲ ಅವನ ಹೆಂಡತಿ ಮುತ್ತಮ್ಮಾಳ್ ನಮ್ಮ ಮನೆಗೆ ಬಂದು ನನ್ನ ಹೆಂಡತಿಯ ಮುಂದೆ ಕಣ್ಣೊರೆಸಿಕೊಳ್ಳುತ್ತಿದ್ದಳು.

ಎಂಬತ್ಮೂರರ ಕಾರ್ತಿಕದಲ್ಲಿ ಆ ಮಲ್ಲಿಗಾಳಿಗೆ ಮದುವೆ ಗೊತ್ತಾಯಿತು, ಸಂಕ್ರಾಂತಿಗೆ ಶುರುವಾಗುವ ತೈ ತಿಂಗಳ ಕೊನೆಗೆ ಮುಹೂರ್ತ. ಅವರಲ್ಲಿ ಹುಡುಗಿಯ ಹಣೆಗೆ ಸೋದರಮಾವ ಚಿನ್ನದ ತಗಡಿನ ಪಟ್ಟ ಕಟ್ಟಿದ ಮೇಲೆಯೇ ಅವಳು ಮಣೆ ಏರಬೇಕು. ಮಾವ ಇಲ್ಲದಿದ್ದರೆ ದಾಯಾದಿಯೊಬ್ಬ ಕಟ್ಟಬಹುದು. ಆದರೆ ಸುಬ್ಬಾತಾಳ್, ಒಡಹುಟ್ಟಿದವನು ಬದುಕಿರುವಾಗ ಇನ್ನೊಬ್ಬರ ಕೈ ತನ್ನ ಮಗಳ ಹಣೆ ಮುಟ್ಟಕೂಡದು, ಅವನು ಬರದಿದ್ದರೆ ಬರಿ ಹಣೆಯಲ್ಲೇ ಮಣೆ ಏರಲಿ ಎಂದು ನೆಂಟರೆಲ್ಲರಿಗೂ ಹೇಳಿಬಿಟ್ಟಳು. ಬರಿ ಹಣೆಯ ಹುಡುಗಿಯನ್ನು ಕಂಡರೆ ಗಂಡಿನ ಕಡೆಯವರು ಏನೆಂದಾರು? ಮಲ್ಲಿಗಾ ಅತ್ತು ಅತ್ತು ಮುಖ ಊದಿಸಿಕೊಂಡಿದ್ದಾಳೆ, ನೀವೊಂದು ಮಾತು ಹೇಳಿ ಎಂದು ಮುತ್ತಮ್ಮಾಳ್ ನನ್ನ ಹತ್ತಿರ ಬಂದಳು. ಹೇಳಿದೆ. ಮೈಲ್‌ಸಾಮಿ ನಟ್ಟು ಬಿಗಿಯುವುದನ್ನು ನಿಲ್ಲಿಸದೆಯೇ, ತನಗೆ ಅಕ್ಕ ಇಲ್ಲ ಎಂದ.

ಅದೇ ವಾರ ಮೆಕ್ಸಿಕೊದ ಕೆಲಸ ಬಂತು. ಅಲ್ಲಿನ ಒಂದು ಮೀನು ಕಾರ್ಖಾನೆಗೆ ಸಮುದ್ರದ ನೀರೆತ್ತುವ ಪಂಪುಗಳನ್ನು ಕಳಿಸಿದ್ದೆವು. ಅವುಗಳನ್ನು ಕೂರಿಸಿ ಓಡಿಸಿ ತೋರಿಸಲು ಒಬ್ಬ ಫಿಟ್ಟರ್ ಬೇಕು, ರೇವಿನಲ್ಲಿ ಮಾಲು ಬಿಡಿಸಲು ನಾನು ಹೋಗಬೇಕು. ಅಷ್ಟು ದೂರ ಹೋಗಲು ಯಾರೂ ಬಾಯಿ ಬಿಡಲಿಲ್ಲ. ಪಳನಿಯಿಂದ ಆಚೆಗೆ ಕಾಲಿಡದ ಮೈಲ್‌ಸಾಮಿ ಎಲ್ಲರಿಗಿಂತ ಮೊದಲು ಕೈ ಎತ್ತಿದ. ಎಂಥ ಧೈರ್ಯ ಎಂದುಕೊಂಡೆ ನಾನು, ಪೆದ್ದನ ಹಾಗೆ.

ಊರಿನ ಹೆಸರು ಸಾನ್ ತೆಲ್ಮೊ. ಮೈಲ್‌ಸಾಮಿಯ ಬಾಯಲ್ಲಿ ಮೊದಲ ದಿನವೇ ಅದು ಸಂತೆಮಾಳ ಆಯಿತು. ಈಗಲೂ ಅವರ ಮನೆಯಲ್ಲಿ, ಅವನು ಯಾವುದೋ ದೂರದ ಸಂತೆಗೆ ಹೋಗಿ ಬಂದ ಎಂದೇ ತಿಳಿದುಕೊಂಡಿದ್ದಾರೆ. ಒಂದೇ ಕೊಲ್ಲಿ, ಬಾಗಿದ ಕುಡುಗೋಲಿನ ಹಾಗೆ. ಒಂದು ತುದಿಯಲ್ಲಿ ರೇವು: ತುಕ್ಕು ಹಿಡಿದ ಕ್ರೇನು, ಗೋದಾಮು, ಮೀನಿನ ವಾಸನೆ. ಇನ್ನೊಂದು ತುದಿಯಲ್ಲಿ ಬಿಳಿ ಬಣ್ಣದ ಪುಟ್ಟ ಹೋಟೆಲುಗಳು, ಮರಳಿನ ಮೇಲೆ ಒಣಹಾಕಿದ ಹಪ್ಪಳದಂತೆ ಮಲಗಿದ ಬಿಳಿಯ ಮುದುಕ ಮುದುಕಿಯರು. ನಡುವೆ ತೆಂಗಿನ ಮರಗಳು. ಮೈಲ್‌ಸಾಮಿಗೆ ಸಮುದ್ರ ಕಾಣಲಿಲ್ಲ, ಮರಗಳು ಕಂಡವು. ಬುಡ ಬಿಡಿಸಿಲ್ಲ, ಒಣಗಿದ ಗರಿ ಇಳಿಸಿಲ್ಲ, ಇವರೆಲ್ಲ ಮಲಗುವುದು ಬಿಟ್ಟು ಮರ ನೋಡಿಕೊಳ್ಳಬಾರದೇ ಎಂದು ಇಡೀ ದಂಡೆ ಬೈದುಕೊಂಡು ಬಂದ. ಅಂಥ ಶಾಂತವಾದ ಊರು ನಾನು ಇನ್ನೊಂದು ಕಂಡಿಲ್ಲ. ಮಧ್ಯಾಹ್ನವಾದರೆ ನಾಯಿಗಳೂ ಬೊಗಳುವುದಿಲ್ಲ. ಆ ಶಾಂತಿಯೇ ನನ್ನ ಪ್ರಾಣ ತಿಂದಿತು.

ಯಾಕೆಂದರೆ ಪಂಪುಗಳು ಬಂದಿದ್ದವು, ಅವುಗಳ ಶಾಫ್ಟುಗಳಿದ್ದ ಪೆಟ್ಟಿಗೆ ಬಂದಿರಲಿಲ್ಲ. ಅದು ಇನ್ಯಾವುದೋ ಹಡಗಿಗೆ ಹೋಗಿತ್ತು. ದಿನಾ ಬೆಳಿಗ್ಗೆ ರೇವಿನ ಆಫೀಸಿಗೆ ಹೋಗಿ ಕೇಳುವುದು. ಅಲ್ಲೊಬ್ಬ ದಪ್ಪ ಮೀಸೆಯ ಅಧಿಕಾರಿ, ಫ್ಯಾನಿನ ಕೆಳಗೆ ಕುಳಿತು, ಪೆಟ್ಟಿಗೆ ಬಂತೇ ಎಂದರೆ ನಗುತ್ತಾ ‘ನಾದ’ ಎನ್ನುತ್ತಿದ್ದ. ಅವರ ಭಾಷೆಯಲ್ಲಿ ಏನೂ ಇಲ್ಲ ಎಂದು ಅರ್ಥ. ಅವರು ಅದನ್ನು ಹೇಳುವ ರೀತಿಯಲ್ಲಿ ನಮ್ಮ ಕಿವಿಗೆ ಅದು ನಾದವೂ ಅಲ್ಲ, ನಡವೂ ಅಲ್ಲ, ಎರಡರ ನಡುವೆ ಎಲ್ಲೋ. ಮೈಲ್‌ಸಾಮಿಯ ಕಿವಿಗೆ ಮಾತ್ರ ಯಾವ ಸಂಶಯವೂ ಇರಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ಹೇಗೋ ಸಂಭಾಳಿಸುತ್ತಿದ್ದೆ. ನಾನು, ಬುದ್ಧಿಗೇಡಿ, ಅವನಿಗೆ ಅವರ ಭಾಷೆಯ ಒಂದು ಮಾತು ಕಲಿಸಿದ್ದೆ: ಗ್ರಾಸಿಯಾಸ್. ಉಪಕಾರವಾಯಿತು ಎಂದು ಅರ್ಥ. ನಮ್ಮ ಕಡೆಯಿಂದ ಮರ್ಯಾದೆ ತಪ್ಪಬಾರದೆಂದು ಅವನು ಆಫೀಸಿನಿಂದ ಹೊರಡುವಾಗ ಕೈ ಮುಗಿದು ‘ಗ್ರಾಸಿಯಾಸ್’ ಎಂದ. ಅದಕ್ಕೆ ಅವರ ದೇಶದಲ್ಲಿ ಇರುವುದು ಒಂದೇ ಉತ್ತರ: ‘ದೇ ನಾದ’. ಅಷ್ಟೇನಿಲ್ಲ ಬಿಡಿ ಎಂದು. ಮೀಸೆಯವನು ನಗುತ್ತಾ ಅದನ್ನೇ ಹೇಳಿದ. ಮೈಲ್‌ಸಾಮಿಯ ಮುಖ ಕಪ್ಪಿಟ್ಟಿತು. ಹೊರಗೆ ಬಂದು ತೆಂಗಿನ ಮರದ ಕೆಳಗೆ ನಿಂತ.

“ಕೇಳಿದ್ರಾ ಸಾರ್? ಕೈ ಮುಗುದ್ರೆ ಡೇ ಅಂತಾನೆ. ನಡ ಅಂತಾನೆ. ತಮಿಳು ಇವನಿಗೆ ಯಾರು ಹೇಳ್ಕೊಟ್ಟೋರು?”

ನಾನು ವಿವರಿಸಿದೆ. ಹಡಗು ಕಂಪನಿಯ ಏಜೆಂಟನಿಗೆ ಇಂಗ್ಲಿಷ್ ಬರುತ್ತಿತ್ತು, ಅವನನ್ನು ಕರೆದುಕೊಂಡು ಬಂದು ಅವನ ಬಾಯಿಂದಲೂ ಹೇಳಿಸಿದೆ. ಏಜೆಂಟ್ ಪಾಪ, ಎದೆ ಮುಟ್ಟಿಕೊಂಡು, ತಲೆ ಬಗ್ಗಿಸಿ ಹೇಳಿದ. ಮೈಲ್‌ಸಾಮಿ ಎಲ್ಲ ಕೇಳಿಸಿಕೊಂಡು ಟವೆಲನ್ನು ಹೆಗಲ ಮೇಲೆ ಸರಿಮಾಡಿಕೊಂಡ.

“ನಿಮ್ಗೆ ಇಂಗ್ಲೀಸು ತಿಳೀತದೆ ಸಾರ್. ಬೈಗುಳ ನನಗೆ ತಿಳೀತದೆ.”

ಅಂಗಡಿಯಲ್ಲಿ ಬೆಂಕಿಪೊಟ್ಟಣ ಕೊಂಡು ಗ್ರಾಸಿಯಾಸ್ ಎಂದ, ಅಂಗಡಿಯವಳು ಡೇ ನಡ ಎಂದಳು. ಬಸ್ಸಿನಲ್ಲಿ ಜಾಗ ಬಿಟ್ಟವನು ಡೇ ನಡ ಎಂದ. ಕ್ಷೌರದವನು ಕನ್ನಡಿ ಹಿಡಿದು ಡೇ ನಡ ಎಂದ. ಹಾಗಾದರೆ ಗ್ರಾಸಿಯಾಸ್ ಎನ್ನುವುದನ್ನೇ ಬಿಡಿ ಎಂದೆ ನಾನು, ತಲೆ ಚಿಟ್ಟು ಹಿಡಿದು. ಅವರು ಕೆಟ್ಟರೆಂದು ನಾವು ಕೆಡಬೇಕೇ ಎಂದ. ಒಬ್ಬೊಬ್ಬರ ಜೊತೆಗೂ ಮಾತು ಬಿಡುತ್ತಾ ಬಂದು, ಭಾಷೆಯೇ ಬಾರದ ಊರಿನಲ್ಲಿ ಊರಿಗೆ ಊರಿನ ಜೊತೆಯೇ ಮಾತು ಬಿಟ್ಟ ಮನುಷ್ಯ ಪ್ರಪಂಚದಲ್ಲಿ ಇವನೊಬ್ಬನೇ ಇರಬೇಕು.

ಪೊಂಗಲ್ ಹಬ್ಬ ಬಂತು, ಮೆಕ್ಕೆಜೋಳದ ರೊಟ್ಟಿ ತಿಂದು ಕಳೆದೆವು. ನಾನು ದಿನ ಎಣಿಸತೊಡಗಿದೆ. ತೈ ಶುರುವಾಯಿತು, ಮದುವೆ ಹತ್ತಿರ ಬಂತು, ಪೆಟ್ಟಿಗೆ ಇಲ್ಲ, ಪಂಪು ಓಡಿಸದೆ ಹೊರಡುವ ಹಾಗಿಲ್ಲ. ಮೈಲ್‌ಸಾಮಿ ಮಾತ್ರ ನಿರಾತಂಕವಾಗಿ ದಂಡೆಯ ಮೇಲೆ ಅಡ್ಡಾಡುತ್ತಿದ್ದ. ಒಂದು ಬೆಳಿಗ್ಗೆ ಮೀಸೆಯವನು, ಪೆಟ್ಟಿಗೆ ಮುಂದಿನ ಹಡಗಿನಲ್ಲಿ ಇದೆ ಎಂದು ಏಜೆಂಟನ ಮೂಲಕ ತಿಳಿಸಿದ. ನಾನು ಖುಷಿಯಿಂದ ತಿರುಗಿ ನೋಡಿದರೆ ಮೈಲ್‌ಸಾಮಿಯ ಮುಖ ಇಳಿದುಹೋಗಿತ್ತು. ಆಗ ನನಗೆ ತಿಳಿಯಿತು. ಇವನು ಧೈರ್ಯಕ್ಕೆ ಬಂದವನಲ್ಲ. ಮದುವೆಯ ದಿನ ಊರಲ್ಲಿ ಇರಬಾರದೆಂದು ಬಂದವನು. ಬರಲಿಲ್ಲ ಎಂದು ಯಾರೂ ಅನ್ನಬಾರದು, ಬರಲು ಆಗಲಿಲ್ಲ ಎನ್ನಬೇಕು, ಅದಕ್ಕೆ ಭೂಮಿಯ ಆಚೆ ಬದಿಯನ್ನೇ ಹುಡುಕಿಕೊಂಡಿದ್ದಾನೆ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅಲ್ಲಿ ಒಂದು ಹೆಣ್ಣುಮಗು ಬರಿ ಹಣೆಯಲ್ಲಿ ಮಣೆ ಏರಬೇಕಾಗಿದೆ, ಇಲ್ಲಿ ನೀವು ತೆಂಗಿನ ಮರ ಎಣಿಸುತ್ತಿದ್ದೀರಿ ಎಂದು ದಾರಿಯುದ್ದಕ್ಕೂ ಬೈದೆ. ಅವನು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಮುಂದೆ ಮುಂದೆ ನಡೆದ. ನನ್ನ ಜೊತೆಯೂ ಮಾತು ಬಿಟ್ಟನೋ ಏನೋ ಎಂದುಕೊಂಡೆ. ಹಾಗೇ ಮುಖ ಗಂಟಿಕ್ಕಿಕೊಂಡು ಇಬ್ಬರೂ ಊಟಕ್ಕೆ ಹೋದೆವು.

ಊಟ ಎಂದರೆ ದಂಡೆಯ ನಡುವೆ ಗರಿಯ ಚಪ್ಪರ ಹಾಕಿಕೊಂಡಿದ್ದ ಒಬ್ಬ ಅಜ್ಜಿಯ ಹತ್ತಿರ. ನನಗೆ ರೊಟ್ಟಿ, ಬೇಯಿಸಿದ ಕಾಳು, ಅವನಿಗೆ ಕೋಳಿ. ಅವನು ಅವಳನ್ನು ಆತ್ತಾ, ಎಂದರೆ ಅವ್ವಾ, ಎಂದು ಕರೆಯುತ್ತಿದ್ದ, ಅವಳು ಅದು ತನ್ನ ಹೆಸರೇ ಎನ್ನುವ ಹಾಗೆ ಓಗೊಡುತ್ತಿದ್ದಳು. ಅವಳ ಜೊತೆ ಮಾತ್ರ ಅವನು ಮಾತು ಬಿಟ್ಟಿರಲಿಲ್ಲ. ಯಾಕೆಂದರೆ ಹೊಟ್ಟೆಯ ಭಯಕ್ಕೆ ಅವಳ ಹತ್ತಿರ ಗ್ರಾಸಿಯಾಸ್ ಎಂದು ಹೇಳಿಯೇ ಇರಲಿಲ್ಲ. ಅವತ್ತು ಸಿಟ್ಟಿನಲ್ಲಿ ಬೆಂಚಿನಿಂದ ಸರಕ್ಕನೆ ಎದ್ದ. ಟವೆಲಿನ ತುದಿ ಬೆಂಚಿನ ಮೊಳೆಗೆ ಸಿಕ್ಕಿಕೊಂಡಿತು, ಎಳೆದ, ಮೊಣಕೈ ಹೋಗಿ ಪಕ್ಕದ ನೀರಿನ ಗುಡಾಣಕ್ಕೆ ತಗುಲಿತು. ಹೊಟ್ಟೆ ದಪ್ಪದ, ಕಪ್ಪು ಮಣ್ಣಿನ, ಎಷ್ಟು ಕಾಲದ್ದೋ. ಉರುಳಿ ಒಡೆದು ಚಪ್ಪರದ ತುಂಬ ನೀರು ಹರಿಯಿತು.

ಮನೆಯ ನೀರಿನ ಗಡಿಗೆ ಒಡೆಯುವುದೆಂದರೆ ಮೈಲ್‌ಸಾಮಿಯ ಮನೆತನದವರಲ್ಲಿ ಎಂಥ ಅಪಶಕುನ ಎಂದು ನನಗೆ ಗೊತ್ತು. ಮೈಲ್‌ಸಾಮಿ ಗರ ಬಡಿದವನ ಹಾಗೆ ನಿಂತ. ಏನಾದರೂ ಹೇಳಬೇಕು, ತಪ್ಪಾಯಿತು ಎನ್ನಬೇಕು, ಆದರೆ ಆ ಭಾಷೆಯಲ್ಲಿ ಅವನಿಗೆ ಗೊತ್ತಿದ್ದದ್ದು ಒಂದೇ ಮಾತು. ಕೈ ಮುಗಿದು, ಅಳುವ ದನಿಯಲ್ಲಿ, ಗ್ರಾಸಿಯಾಸ್ ಎಂದ.

ಅಜ್ಜಿ ಒಂದು ಕ್ಷಣ ಅವನನ್ನೇ ನೋಡಿದಳು. ಗುಡಾಣ ಒಡೆದು ಉಪಕಾರವಾಯಿತು ಎನ್ನುತ್ತಾನೆ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದಳು. ನಗುತ್ತಲೇ ಬಂದು ಅವನ ಮಣಿಕಟ್ಟು ಹಿಡಿದು, ‘ದೇ ನಾದ, ದೇ ನಾದ’ ಎನ್ನುತ್ತಾ ನೀರಿಲ್ಲದ ಕಡೆಗೆ ಎಳೆದುಕೊಂಡು ಹೋಗಿ, ಬೇರೆ ಬೆಂಚಿನ ಮೇಲೆ ಕೂರಿಸಿ, ತಟ್ಟೆಗೆ ಇನ್ನೊಂದು ತುಂಡು ಕೋಳಿ ಹಾಕಿದಳು. ಆಮೇಲೆ ಮೊಣಕಾಲೂರಿ ಚೂರು ಆರಿಸತೊಡಗಿದಳು. ಅವನು ತಲೆ ಎತ್ತದೆ ತಿಂದ. ಕೊನೆಯ ತುತ್ತಿನವರೆಗೆ ತಿಂದು, ಎದ್ದು, ಅವಳ ಜೊತೆ ಕುಳಿತು ಚೂರು ಆರಿಸಿದ.

ವಾಪಸು ಬರುವಾಗ ಅವನು ತನ್ನ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡೇ ನಡೆಯುತ್ತಿದ್ದ.

“ಅಕ್ಕನೂ ಅವತ್ತು ಇಲ್ಲೇ ಹಿಡ್ದಿದ್ಲು ಸಾರ್. ಕೆಟ್ಟ ಮೇಳ, ಕಿವಿಗೇನೂ ಕೇಳಿಸ್ಲಿಲ್ಲ, ನಡ ಅಂದದ್ದೊಂದು ಕೇಳಿಸ್ತು.” ನಿಂತುಬಿಟ್ಟ. “ಹೊರಗೆ ತಳ್ಳೋರು ಕೈ ಹಿಡೀತಾರಾ ಸಾರ್?”

ಹಿಡಿಯುವುದಿಲ್ಲ ಎಂದೆ. ನನಗೇನು ಗೊತ್ತು? ಆದರೆ ಅಷ್ಟು ದಿನದಲ್ಲಿ ಅವನು ಉತ್ತರ ಬೇಕೆಂದು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ಅವನು ಮರಳ ಮೇಲೆ ಕುಳಿತು ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಪಕ್ಕದಲ್ಲಿ ಮಲಗಿದ್ದ ಬಿಳಿಯ ಮುದುಕ ಎದ್ದು ಕುಳಿತು ನೋಡಿದ.

ಇನ್ನು ಮೇಲೆ ಸುಖ ಎಂದುಕೊಂಡೆನಲ್ಲ, ಅದೂ ನನ್ನ ಪೆದ್ದುತನ. ಅವನಿಗೆ ಈಗ ಅವಸರ. ಬೆಳಗಾಗುವ ಮೊದಲೇ ನನ್ನನ್ನು ಎಬ್ಬಿಸುವುದು, ಬಾಗಿಲು ತೆರೆಯದ ಆಫೀಸಿನ ಮುಂದೆ ನಿಲ್ಲಿಸುವುದು, ಹಡಗು ಕಾಣುತ್ತದೆಯೇ ಎಂದು ಕಣ್ಣಿಗೆ ಕೈ ಹಿಡಿದು ನೋಡುವುದು. ಮೀಸೆಯವನು ನಾದ ಎಂದರೆ ಈಗ ಅರ್ಥ ಸರಿಯಾಗಿಯೇ ತಿಳಿಯುತ್ತಿತ್ತು, ಅದಕ್ಕೇ ಹೆಚ್ಚು ಸಿಟ್ಟು. ಏನೂ ಇಲ್ಲ ಅಂದರೆ ಏನು ಸಾರ್, ಇಲ್ಲ ಅನ್ನೋಕೆ ಇವನಿಗೆ ಸಂಬಳವೇ ಎಂದು ನನ್ನ ಮೇಲೆ ಹಾರಾಡುತ್ತಿದ್ದ. ಕೊನೆಗೊಮ್ಮೆ ಪೆಟ್ಟಿಗೆ ಬಂತು. ಊಟ ನಿದ್ದೆ ಬಿಟ್ಟು ಪಂಪು ಕೂರಿಸಿ ಓಡಿಸಿ, ಅಜ್ಜಿಗೆ ಒಂದು ಹೊಸ ಗುಡಾಣ ಕೊಂಡು ಚಪ್ಪರದಲ್ಲಿಟ್ಟು, ನನ್ನನ್ನು ಬಸ್ಸಿಗೆ ಹತ್ತಿಸಿದ. ಸಮುದ್ರಸ್ನಾನ ಮಾಡಬೇಕೆಂಬ ನನ್ನ ಆಸೆ ಹಾಗೇ ಉಳಿಯಿತು.

ಮದ್ರಾಸಿನಿಂದ ಬಂದು ಕೊಯಮತ್ತೂರಿನಲ್ಲಿ ರೈಲಿಳಿದು ಅವನು ತನ್ನ ಮನೆಗೂ ಹೋಗಲಿಲ್ಲ. ಒಪ್ಪಣಕ್ಕಾರ ಬೀದಿಯಲ್ಲಿ ಸೀರೆ, ಹಣ್ಣು, ಹೂವು ಕೊಂಡು, ಅದೇ ಬೆವರಿನ ಅಂಗಿಯಲ್ಲಿ ನನ್ನನ್ನೂ ಎಳೆದುಕೊಂಡು ಉಡುಮಲೈಪೇಟೆ ಬಸ್ಸು ಹತ್ತಿದ. ಮಾರನೆಯ ಬೆಳಿಗ್ಗೆ ಮುಹೂರ್ತ. ಮನೆಯ ಮುಂದೆ ಚಪ್ಪರ, ಮೇಳ, ಜನ. ಹಾಗೇ ಒಳಗೆ ನುಗ್ಗುತ್ತಾನೆ ಎಂದು ನಾನು ಅಂದುಕೊಂಡರೆ, ಚಪ್ಪರದ ಆಚೆಯೇ ತಟ್ಟೆ ಹಿಡಿದು ನಿಂತುಬಿಟ್ಟ. ನೆಂಟರೆಲ್ಲ ‘ವಾಂಗ ವಾಂಗ’ ಎಂದು ಕರೆದರು. ಮುತ್ತಮ್ಮಾಳ್ ಓಡಿ ಬಂದು ಅತ್ತಳು. ಕದಲಲಿಲ್ಲ. ಅಕ್ಕ ಬಂದು ಕರೆಯಬೇಕಂತೆ. ಭೂಮಿ ಸುತ್ತಿ ಬಂದ ಮನುಷ್ಯನಿಗೆ ಆ ಹೊಸಿಲು ದಾಟಲು ಇಷ್ಟೊಂದು ಕಷ್ಟ. ನನಗೆ ಅವನನ್ನು ಅಲ್ಲೇ ಬಿಟ್ಟು ಬಸ್ ಸ್ಟ್ಯಾಂಡಿಗೆ ಹೋಗಿಬಿಡೋಣ ಎನ್ನಿಸಿತು.

ಸುಬ್ಬಾತಾಳ್ ಬಂದಳು. ಕೈಯೆಲ್ಲ ಅರಿಸಿನ, ತಲೆ ಪೂರ್ತಿ ನರೆತಿತ್ತು. ಬಾಗಿಲಲ್ಲಿ ನಿಂತು ತಮ್ಮನನ್ನು ಮೇಲಿಂದ ಕೆಳಗೆ ನೋಡಿದಳು. ವಾಂಗ ಎನ್ನಲಿಲ್ಲ. ಮೆಟ್ಟಿಲಿಳಿದು ಬಂದು ಅರಿಸಿನದ ಕೈಯಲ್ಲಿ ಅವನ ಮಣಿಕಟ್ಟು ಹಿಡಿದಳು.

“ಡೇ, ನಡ,” ಎಂದಳು.

ಮೈಲ್‌ಸಾಮಿ ನಡೆದ. ಅಂಗಳದಲ್ಲಿ ನಾನೊಬ್ಬನೇ ಉಳಿದೆ, ಅವನ ಚಪ್ಪಲಿಯ ಪಕ್ಕದಲ್ಲಿ. ಬೆಳಿಗ್ಗೆ ಮುಹೂರ್ತಕ್ಕೆ ಮಲ್ಲಿಗಾ ಅವನ ಸೀರೆ ಉಟ್ಟು ಬಂದಳು. ಅವನು ಪಟ್ಟ ಕಟ್ಟುವಾಗ ಗಂಟು ಎರಡು ಸಲ ಜಾರಿತು.

ಊಟವಾದ ಮೇಲೆ ಸುಬ್ಬಾತಾಳ್ ನನಗೆ ವೀಳ್ಯ ಕೊಡಲು ಜಗಲಿಗೆ ಬಂದಳು. ಮೈಲ್‌ಸಾಮಿ ಅಂಗಳದ ಆ ಕೊನೆಯಲ್ಲಿ ನೆಂಟರನ್ನು ಗುಡ್ಡೆ ಹಾಕಿಕೊಂಡು ಸಂತೆಮಾಳದ ಕಥೆ ಹೇಳುತ್ತಿದ್ದ. ಅವಳು ಇಷ್ಟು ವರ್ಷ ಹೀಗೆ ಕಷ್ಟಪಟ್ಟದ್ದು ಅವನು ಒಂದು ಮಾತನ್ನು ತಪ್ಪಾಗಿ ಅರ್ಥ ಮಾಡಿಕೊಂಡದ್ದರಿಂದ, ಒಳಗೆ ಕರೆದದ್ದನ್ನು ಅವನು ಹೊರಗೆ ಹೋಗು ಎಂದುಕೊಂಡ ಎಂದು ನಾನು ಸಮಾಧಾನ ಹೇಳಲು ಹೋದೆ. ಅವಳು ತಮ್ಮನ ಕಡೆ ನೋಡಿ ದನಿ ತಗ್ಗಿಸಿದಳು.

“ಇಲ್ಲೀಂಗ ಸಾಮಿ. ಅವತ್ತು ನಾ ಹೊರಕ್ಕೆ ನಡ ಅಂತಲೇ ಅಂದದ್ದು. ಅಷ್ಟು ಜನದ ಮುಂದೆ ನನ್ ತಲೆ ತಗ್ಗಿಸ್ದ ಅಂತ ಕೋಪ. ಕೈ ಹಿಡಿದದ್ದೂ ತಳ್ಳಕ್ಕೇ. ಹಿಡಿದ ಮೇಲೆ ಬಿಡಕ್ಕೆ ಮನಸ್ಸು ಬರ್ಲಿಲ್ಲ. ಅವನೇ ಕಿತ್ಕಂಡು ಹೋದ.”

ಅವನಿಗೆ ಹೇಳಬೇಡಿ ಎಂದಳು. ಹೇಳಿಲ್ಲ. ಈಗಲೂ ಕ್ಯಾಂಟೀನಿನಲ್ಲಿ, ಅವನು ಮತ್ತೆ ಟೀ ಕುಡಿಯಲು ಶುರು ಮಾಡಿದ್ದಾನೆ, ಹೊಸದಾಗಿ ಸೇರಿದವರು ಯಾರಾದರೂ ಸಿಕ್ಕರೆ ಇಡೀ ಕಥೆ ಹೇಳಿ, ಕೊನೆಗೆ ನನ್ನ ಕಡೆ ತಿರುಗಿ, ಹೊರಗೆ ತಳ್ಳೋರು ಕೈ ಹಿಡೀತಾರಾ ಸಾರ್ ಎಂದು ಕೇಳುತ್ತಾನೆ. ಎಷ್ಟು ಸಲ ಕೇಳುತ್ತಾನೋ ಅಷ್ಟು ಸಲ, ಹಲ್ಲು ಕಚ್ಚಿಕೊಂಡು, ಹಿಡಿಯುವುದಿಲ್ಲ ಎನ್ನುತ್ತೇನೆ. ಅವನಿಗೆ ಕನ್ನಡ ಓದಲು ಬರುವುದಿಲ್ಲ, ಅದೊಂದು ಪುಣ್ಯ.